ಮತಪತ್ರದ ಮೇಲಿನ ಕ್ಷೇಮ ಸಮಾಚಾರ

ಎಲ್ ಸಾಬಿನೋ, ಟೆಕ್ಸಸ್
14 ಏಪ್ರಿಲ್ 1979

ಕೊಮಾದ್ರೆ ಎರ್ಲಿಂದಾ ಅವರಿಗೆ,

ನೀವು ಹೊರಟು ಹತ್ತು ದಿನವಾಯಿತು. ಇಷ್ಟು ಹೊತ್ತಿಗೆ ಮಿಶಿಗನ್ ಕ್ಯಾಂಪಿನಲ್ಲಿ ಒಲೆ ಹೊತ್ತಿಸಿರುತ್ತೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಬೀಗವನ್ನು ಮಗಳು ನೇಲಿದಾ ದಿನಕ್ಕೊಮ್ಮೆ ಎಳೆದು ನೋಡಿ ಬರುತ್ತಾಳೆ. ನಿಮ್ಮ ನಾಯಿ ಊಟಕ್ಕೆ ನಮ್ಮ ಮನೆಗೆ ಬರುತ್ತದೆ, ಮಲಗುವುದು ಮಾತ್ರ ನಿಮ್ಮ ಬಾಗಿಲಲ್ಲೇ.

ಟ್ಯಾಂಕರ್ ಲಾರಿ ಈ ವಾರ ಒಂದೇ ಸಲ ಬಂತು. ದೋನ್ಯಾ ಬೆನಿಗ್ನಾ ಅವರ ಕೈಮೇಲಿನ ಗುಳ್ಳೆ ಮತ್ತೆ ಎದ್ದಿದೆ. ಅವರು ನೀರು ತುಂಬಿಡುವ ಡ್ರಮ್ಮಿನಲ್ಲಿ ಮೊದಲು ಕೀಟನಾಶಕ ಇತ್ತೆಂದು ಡಾಕ್ಟರು ಹೇಳಿದರು. ಬೇರೆ ಡ್ರಮ್ಮು ಎಲ್ಲಿಂದ ತರಲಿ ಎಂದು ಮುದುಕಿ ಕೇಳಿದರು. ಅವರನ್ನು ಆಸ್ಪತ್ರೆಗೆ ಕರೆದೊಯ್ದು ವಾಪಸ್ ಕರೆತಂದೆ, ಅಷ್ಟೇ ನನ್ನಿಂದಾದದ್ದು. ನೀರಿನ ಪೈಪು ಪ್ರೂಯಿಟ್ ಅವರ ಹಣ್ಣಿನ ಶೆಡ್ಡಿನವರೆಗೆ ಬಂದು ನಿಂತಿದೆ. ಅಲ್ಲಿಂದ ನಮ್ಮ ಕೇರಿ ಲಾ ಪ್ರೆಸೀತಾದ ಮೊದಲ ಮನೆಗೆ ಒಂದು ಕಿಲೋಮೀಟರೂ ಇಲ್ಲ. ನೀರಿನ ಮಂಡಳಿ ನಮ್ಮ ಅರ್ಜಿಯನ್ನು ಮೂರು ಸಲ ತಳ್ಳಿಹಾಕಿತು. ಮಂಡಳಿಯ ಅಧ್ಯಕ್ಷರು ಅದೇ ಪ್ರೂಯಿಟ್ ಆಗಿರುವಾಗ ನಾಲ್ಕನೇ ಸಲ ಬರೆದು ಪ್ರಯೋಜನವಿಲ್ಲ. ಅದಕ್ಕೇ ಅವರ ಕುರ್ಚಿಗೇ ನಿಂತಿದ್ದೇನೆ.

ಚುನಾವಣೆ ಮೇ 5ಕ್ಕೆ. ಕೇರಿಯ ಅರ್ಧ ಜನ ಉತ್ತರಕ್ಕೆ ಕೂಲಿಗೆ ಹೋದ ಮೇಲೆ ಎಲೆಕ್ಷನ್ ಇಡುವುದು ಅವರ ಹಳೆಯ ಪದ್ಧತಿ. ನಿಮ್ಮ ಕ್ಯಾಂಪಿನ ಹದಿನೇಳು ಮತದಾರರ ಮತಪತ್ರಗಳು ಅಂಚೆಯಲ್ಲಿ ಬರುತ್ತವೆ. ನೇಲಿದಾಳ ಜ್ಞಾನಸ್ನಾನದಲ್ಲಿ ನೀವು ಅವಳನ್ನು ಧರ್ಮತಾಯಿಯಾಗಿ ಎತ್ತಿಕೊಂಡ ದಿನದಿಂದ ನಾವು ಕೊಮಾದ್ರೆಗಳು. ಒಬ್ಬರಿಗೊಬ್ಬರು ಅಪ್ಪಣೆ ಮಾಡುವಂತಿಲ್ಲ. ಈ ಸಲ ಮಾತ್ರ ಅಪ್ಪಣೆಯೆಂದೇ ತಿಳಿಯಿರಿ: ಚೌಕದಲ್ಲಿ ಒಂದು ಓರೆಗೆರೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು, ಅಷ್ಟೇ. ಮತಪತ್ರದ ಮೇಲೆ ಹೆಸರು ಬೇಡ, ಸಹಿ ಬೇಡ, ಒಂದು ಚುಕ್ಕೆಯೂ ಬೇಡ. ಯಾರ ಮತ ಎಂದು ಗುರುತು ಸಿಕ್ಕರೆ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ. ಹೆಸರು, ಸಹಿ ಎಲ್ಲಾ ಹೊರಗಿನ ಲಕೋಟೆಯ ಮೇಲೆ. ದಯವಿಟ್ಟು ಈ ಭಾಗವನ್ನು ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ.

ನಿಮ್ಮ
ಒತೀಲಿಯಾ ಬಾರ್ರಿಯೆಂತೋಸ್


ಎಲ್ಡನ್ ರಸ್ತೆ ಕ್ಯಾಂಪು, ಮಿಶಿಗನ್
20 ಏಪ್ರಿಲ್ 1979

ಕೊಮಾದ್ರೆ ಒತೀಲಿಯಾ ಅವರಿಗೆ,

ಕಾಗದ ಬಂತು. ಊಟವಾದ ಮೇಲೆ ಎಲ್ಲರನ್ನೂ ಸೇರಿಸಿ ಓದಿದೆ, ಎರಡು ಸಲ. ತೊಮಾಸಾ ನಿಮಗೆ ಹೇಳಿಕಳಿಸಿದ್ದಾಳೆ: "ಒತೀಲಿಯಾ ಅಕ್ಕನಿಗೆ ಹೇಳಿ, ನಾನು ಗಂಡನಿಗೂ ಇಷ್ಟು ವಿಧೇಯಳಾಗಿರಲಿಲ್ಲ ಅಂತ."

ಇಲ್ಲಿ ಇನ್ನೂ ಚಳಿ. ಆಸ್ಪರಗಸ್ ಕುಡಿ ಈಗ ತಲೆ ಎತ್ತುತ್ತಿದೆ. ಬಗ್ಗಿ ಕುಯ್ಯುವ ಕೆಲಸ, ಮೊದಲ ವಾರ ಯಾರಿಗೂ ನೆಟ್ಟಗೆ ನಿಲ್ಲಲಾಗುವುದಿಲ್ಲ. ನಮ್ಮ ಮನೆಯವರು ಅಬುಂದಿಯೋ ಈ ವರ್ಷ ಕುಯ್ಲಿಗಿಳಿದಿಲ್ಲ. ಮೇಸ್ತ್ರಿ ದೋನ್ ಕಾಸಿಮೀರೋ ತಮ್ಮ ಎರಡನೇ ಲಾರಿಯನ್ನು ಅವರ ಕೈಗೆ ಕೊಟ್ಟಿದ್ದಾರೆ. ಬೆನ್ನು ಬಿದ್ದುಹೋದ ಮನುಷ್ಯನಿಗೆ ಕೂತು ಮಾಡುವ ಕೆಲಸ ಸಿಕ್ಕಿತಲ್ಲ ಎಂದು ಮೇಣದಬತ್ತಿ ಹಚ್ಚಿದೆ. ಕ್ಯಾಂಪಿನ ಅಂಚೆಯೆಲ್ಲ ಮೇಸ್ತ್ರಿಯ ಮನೆಗೇ ಬರುತ್ತದೆ, ಮತಪತ್ರಗಳೂ ಅಲ್ಲಿಗೇ ಬರಬೇಕು.

ನೇಲಿದಾಳಿಗೆ ಅಕ್ಟೋಬರಿಗೆ ಹದಿನೈದು ತುಂಬುತ್ತದೆ. ಅವಳ ಹದಿನೈದರ ಹಬ್ಬಕ್ಕೆ ಬಿಳಿ ಬಟ್ಟೆ ಇಲ್ಲಿ ಚೆನ್ನಾಗಿದೆ. ಅಳತೆ ಕಳಿಸಿ, ಭಾನುವಾರಗಳಲ್ಲಿ ಹೊಲಿಯುತ್ತೇನೆ.

ಎರ್ಲಿಂದಾ ಸಾಲ್ದೀವಾರ್


ಎಲ್ಡನ್ ರಸ್ತೆ ಕ್ಯಾಂಪು, ಮಿಶಿಗನ್
26 ಏಪ್ರಿಲ್ 1979

ಕೊಮಾದ್ರೆ,

ಮತಪತ್ರಗಳು ಮಂಗಳವಾರ ಬಂದವು. ಹದಿನೇಳೂ ಅದೇ ದಿನ ಭರ್ತಿಯಾಗಿ ಸಂಜೆ ನಾಲ್ಕಕ್ಕೆ ಅಂಚೆಗೆ ಹೋದವು. ಮೇಸ್ತ್ರಿಯೇ ಒಯ್ದು ಹಾಕಿದರು. ಬೇರೆ ವಿಶೇಷವೇನಿಲ್ಲ. ಮಳೆ ಬರುತ್ತಿದೆ.

ಎರ್ಲಿಂದಾ


ಎಲ್ ಸಾಬಿನೋ
8 ಮೇ 1979

ಕೊಮಾದ್ರೆ ಎರ್ಲಿಂದಾ ಅವರಿಗೆ,

ಸೋತೆ. ಪ್ರೂಯಿಟ್ ಅವರಿಗೆ 212, ನನಗೆ 203.

ಶನಿವಾರ ನಾವು ಮಾಡದೆ ಉಳಿಸಿದ್ದು ಏನೂ ಇಲ್ಲ. ಎರಡು ಕಾರು, ಒಂದು ಪಿಕಪ್ಪಿನಲ್ಲಿ ಅರವತ್ತು ಮುದುಕರನ್ನು ಮತಗಟ್ಟೆಗೆ ತಂದಿಳಿಸಿದೆವು. ದೋನ್ಯಾ ಬೆನಿಗ್ನಾ ಮದುವೆಗೆ ಉಟ್ಟಿದ್ದ ಬಟ್ಟೆ ಹಾಕಿಕೊಂಡು ಬಂದರು. ಅವರು ಗಾಲಿಕುರ್ಚಿಯಲ್ಲಿ ಬಾಗಿಲಿಗೆ ಬಂದಾಗ ಅಲ್ಲಿದ್ದ ಗುಮಾಸ್ತ ಇಳಿಜಾರು ಇಲ್ಲ, ಮೆಟ್ಟಿಲು ಹತ್ತಿ ಎಂದ. ಇಬ್ಬರು ಹುಡುಗರು ಕುರ್ಚಿಯ ಸಮೇತ ಎತ್ತಿ ಒಳಗಿಟ್ಟರು. "ಇನ್ನೊಂದು ಸಲ ಎತ್ತಿಸ್ಕೊಳ್ಳೋದು ಹೆಣ ಆದ್ಮೇಲೇ" ಎಂದು ಮುದುಕಿ ನಕ್ಕರು.

ಮತಗಟ್ಟೆಯಲ್ಲಿ ಹಾಕಿದ ಮತಗಳಲ್ಲಿ ನಾವು ಸಮ. ಸೋಲಿಸಿದ್ದು ಅಂಚೆಯ ಪೆಟ್ಟಿಗೆ. ನಿಮ್ಮ ಕ್ಯಾಂಪಿನಿಂದ ಬಂದ ಹದಿನೇಳನ್ನೂ ಅಸಿಂಧು ಎಂದು ಪಕ್ಕಕ್ಕಿಟ್ಟರಂತೆ. ಎಲ್ಲದರ ಮೇಲೂ ಏನೋ ಬರೆದಿದೆ ಎಂದರು. ಎರಡು ಸಲ ಓದಿದ್ದೀರಿ ಎಂದು ನೀವೇ ಬರೆದಿದ್ದಿರಿ. ಏನಾಯಿತೆಂದು ನನಗೆ ತಿಳಿಯುತ್ತಿಲ್ಲ. ಮರುಎಣಿಕೆಗೆ ಅರ್ಜಿ ಹಾಕಿದ್ದೇನೆ. 18ರಂದು ಮತಪತ್ರಗಳನ್ನು ಕಣ್ಣಾರೆ ನೋಡಬಹುದು.

ಒತೀಲಿಯಾ


ಎಲ್ಡನ್ ರಸ್ತೆ ಕ್ಯಾಂಪು, ಮಿಶಿಗನ್
15 ಮೇ 1979

ಕೊಮಾದ್ರೆ ಒತೀಲಿಯಾ ಅವರಿಗೆ,

ನಿಮ್ಮ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ಸೋತಿರಂತೆ ಎಂದಷ್ಟೇ ಹೇಳಿದೆ. ತೊಮಾಸಾ ಅವತ್ತು ಊಟ ಬಿಟ್ಟಳು.

ಊರಿಗೆ ಹೋಗುವ ಲಕೋಟೆಯನ್ನು ಇಲ್ಲಿ ಯಾರೂ ಖಾಲಿ ಕಳಿಸುವುದಿಲ್ಲ, ನಿಮಗೆ ಗೊತ್ತು. ಒಬ್ಬರ ಕಾಗದದಲ್ಲಿ ನಾಲ್ಕು ಮನೆಯ ಕ್ಷೇಮ ಸಮಾಚಾರ ಹೋಗುತ್ತದೆ. ಸಂತರ ಪಟವೋ ಮಗುವಿನ ಫೋಟೋವೋ ಜೊತೆಗಿಡುತ್ತಾರೆ. ಮತಪತ್ರದ ಮೇಲೂ ಹಾಗೇ ಬರೆದುಬಿಟ್ಟರು. ತಪ್ಪು ಜನರದ್ದಲ್ಲ, ನನ್ನದು. ನಾನು ನೋಡಿಕೊಳ್ಳಬೇಕಿತ್ತು.

ನೇಲಿದಾಳ ಅಳತೆ ಇನ್ನೂ ಬಂದಿಲ್ಲ.

ಎರ್ಲಿಂದಾ


ಎಲ್ ಸಾಬಿನೋ
22 ಮೇ 1979

ಸೆನ್ಯೋರಾ ಎರ್ಲಿಂದಾ ಸಾಲ್ದೀವಾರ್ ಅವರಿಗೆ,

ಮರುಎಣಿಕೆ ಮುಗಿಯಿತು. ಫಲಿತಾಂಶ ಬದಲಾಗಲಿಲ್ಲ.

ಹದಿನೇಳು ಮತಪತ್ರಗಳನ್ನು ಮೇಜಿನ ಮೇಲೆ ಹರಡಿದರು. ಮುಟ್ಟುವಂತಿಲ್ಲ, ಓದಬಹುದು. ತೊಮಾಸಾ ನನ್ನ ಹೆಸರಿನ ಮುಂದೆ ಗುರುತು ಹಾಕಿ ಕೆಳಗೆ ತನ್ನ ಆಡು ಮರಿ ಹಾಕಿತೋ ಎಂದು ಕೇಳಿದ್ದಾಳೆ. ರೆಯೆಸ್ ಕುಟುಂಬದವರು ಅಪ್ಪನ ಸಮಾಧಿಗೆ ಹೂವಿಡಿ ಎಂದು ಬರೆದಿದ್ದಾರೆ. ಒಬ್ಬರು ನಲ್ಲಿ ಬಂದ ಮೇಲೆ ನಮ್ಮ ಡ್ರಮ್ಮನ್ನು ಯಾರಿಗೂ ಕೊಟ್ಟುಬಿಡಬೇಡಿ, ಜೋಳ ತುಂಬಿಡಲು ಬೇಕು ಎಂದಿದ್ದಾರೆ. ಪ್ರೂಯಿಟ್ ಅವರ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು, "ಇದೇನಮ್ಮ, ಎಲೆಕ್ಷನ್ನೋ ಪೋಸ್ಟಾಫೀಸೋ?" ಎಂದರು. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ಎಲ್ಲವನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡು ಬಂದು ಮೂರು ಸಂಜೆ ಮನೆ ಮನೆಗೆ ಹೋಗಿ ಒಪ್ಪಿಸಿದೆ. ಸಮಾಧಿಗೆ ಹೂವಿಟ್ಟೆ. ಆಡು ಎರಡು ಮರಿ ಹಾಕಿದೆ ಎಂದು ತೊಮಾಸಾಗೆ ತಿಳಿಸಿ.

ಹದಿನೇಳರಲ್ಲಿ ಹದಿನಾರು ನನ್ನವು.

ನೇಲಿದಾಳ ಬಟ್ಟೆಯನ್ನು ಇಲ್ಲೇ ಹೊಲಿಸುತ್ತೇವೆ. ತೊಂದರೆ ತೆಗೆದುಕೊಳ್ಳಬೇಡಿ.

ಒತೀಲಿಯಾ ಬಾರ್ರಿಯೆಂತೋಸ್


ಎಲ್ಡನ್ ರಸ್ತೆ ಕ್ಯಾಂಪು, ಮಿಶಿಗನ್
24 ಜೂನ್ 1979

ಕೊಮಾದ್ರೆ,

ನಿಮ್ಮ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಸ್ಟ್ರಾಬೆರಿ ಮುಗಿಯಿತು, ಈಗ ಚೆರ್ರಿ. ಬಟ್ಟೆ ಕೊಂಡಾಗಿದೆ, ಪೆಟ್ಟಿಗೆಯಲ್ಲಿದೆ. ನೇಲಿದಾಳಿಗೆ ಮುತ್ತು.

ಎರ್ಲಿಂದಾ


ಎಲ್ ಸಾಬಿನೋ
12 ಆಗಸ್ಟ್ 1979

ಎರ್ಲಿಂದಾ ಅವರಿಗೆ,

ನೇಲಿದಾ ದಿನವೂ ಕೇಳುತ್ತಿದ್ದಾಳೆ, ಹಬ್ಬದ ದಿನ ಚರ್ಚಿನಲ್ಲಿ ಧರ್ಮತಾಯಿ ಎಡಗಡೆ ನಿಲ್ಲುವುದೋ ಬಲಗಡೆಯೋ ಎಂದು. ನಾನು ಮಾತು ಬದಲಿಸಿ ಕೆಲಸಕ್ಕೆ ಹೋಗುತ್ತೇನೆ. ಹೀಗೆ ಎಷ್ಟು ದಿನ? ನೇರವಾಗಿ ಬರೆದುಬಿಡುತ್ತೇನೆ.

ಹದಿನೇಳನೆಯ ಮತಪತ್ರದಲ್ಲಿ ಗುರುತು ಪ್ರೂಯಿಟ್ ಹೆಸರಿನ ಮುಂದೆ ಇತ್ತು. ಅದರ ಕೆಳಗೆ ನಿಮ್ಮ ಕೈಬರಹದಲ್ಲಿ, "ಕೊಮಾದ್ರೆಗೆ ನಮಸ್ಕಾರ, ನೇಲಿದಾಳಿಗೆ ಮುತ್ತು, ಎರ್ಲಿಂದಾ" ಎಂದಿತ್ತು.

ಮತ ಯಾರಿಗಾದರೂ ಹಾಕಿ, ಅದು ನಿಮ್ಮ ಹಕ್ಕು. ಹದಿಮೂರು ವರ್ಷದ ಹಿಂದೆ ಕಲ್ಲಂಗಡಿ ಮುಷ್ಕರದಲ್ಲಿ ನಾವಿಬ್ಬರೂ ಒಂದೇ ಜೀಪಿನಲ್ಲಿ ಠಾಣೆಗೆ ಹೋದವರು. ಅವತ್ತಿನಿಂದ ನಾನು ಬಾಗಿಲು ತಟ್ಟಿದ ಮನೆಗಳೆಲ್ಲ, ತುಂಬಿಸಿದ ಅರ್ಜಿಗಳೆಲ್ಲ ಯಾರೋ ತಮಗೆ ಬೇಕಾದವರಿಗೆ ಧೈರ್ಯವಾಗಿ ಮತ ಹಾಕಲಿ ಎಂದೇ. ಹಾಗಿರುವಾಗ ನಿಮ್ಮ ಮೇಲೆ ಕೋಪ ಮಾಡುವುದಕ್ಕೆ ನನಗೆ ಅಧಿಕಾರವಿಲ್ಲ. ಇದನ್ನು ನನಗೆ ನಾನೇ ಮೂರು ತಿಂಗಳು ಹೇಳಿಕೊಂಡೆ. ಕೋಪ ಹೋಗಲಿಲ್ಲ. ಅವರ ಹೆಸರಿಗೆ ಗುರುತು ಹಾಕಿ, ಅದರ ಕೆಳಗೇ ನನ್ನ ಮಗಳಿಗೆ ಮುತ್ತು ಯಾಕೆ ಬರೆದಿರಿ? ಇದೊಂದೇ ನನ್ನ ಪ್ರಶ್ನೆ.

ಒತೀಲಿಯಾ


ಎಲ್ಡನ್ ರಸ್ತೆ ಕ್ಯಾಂಪು, ಮಿಶಿಗನ್
2 ಸೆಪ್ಟೆಂಬರ್ 1979

ಕೊಮಾದ್ರೆ ಒತೀಲಿಯಾ ಅವರಿಗೆ,

ನೀವು ಅದನ್ನು ಓದಿದ್ದೀರಿ ಎಂದು ಮೇ ತಿಂಗಳಲ್ಲೇ ತಿಳಿಯಿತು. ಕೊಮಾದ್ರೆ ಎಂಬಲ್ಲಿ ಪರರಿಗೆ ಬರೆಯುವಂತೆ ಸೆನ್ಯೋರಾ ಎಂದು ಬರೆದಿದ್ದಿರಿ.

ಆ ಮಂಗಳವಾರ ಹೀಗಾಯಿತು. ಮತಪತ್ರಗಳು ಬಂದಾಗ ದೋನ್ ಕಾಸಿಮೀರೋ ಮೊದಲು ನನ್ನೊಬ್ಬಳನ್ನೇ ತಮ್ಮ ಅಡುಗೆಮನೆಗೆ ಕರೆದರು. ಕಾಫಿ ಕೊಟ್ಟರು. ಅವರಿಗೆ ಚಳಿಗಾಲದ ಕೆಲಸವೆಲ್ಲ ಪ್ರೂಯಿಟ್ ಶೆಡ್ಡಿನದ್ದು ಎಂದು ನಿಮಗೆ ಗೊತ್ತೇ ಇದೆ. "ಎರ್ಲಿಂದಾ, ಓದು ಬರಹ ಬಲ್ಲೋಳು ನೀನು. ನೀನು ಹಾಕಿದ ಕಡೆ ಎಲ್ಲರೂ ಹಾಕ್ತಾರೆ. ಇಲ್ಲೇ ಕೂತು ಹಾಕು, ನಾನೂ ನೋಡ್ತೀನಿ. ಅಬುಂದಿಯೋ ಲಾರಿ ಚೆನ್ನಾಗಿ ಓಡಿಸ್ತಾನೆ, ಮತ್ಯಾಕೆ ಅವನನ್ನ ಹೊಲಕ್ಕೆ ಇಳಿಸೋದು, ಅಲ್ವಾ?" ಎಂದರು. ದನಿ ಏರಿಸಲಿಲ್ಲ. ಸಕ್ಕರೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಅಬುಂದಿಯೋ ಗಡಿಯ ನದಿಯ ಆಚೆ ಹುಟ್ಟಿದವರು, ಅವರಿಗೆ ಮತವಿಲ್ಲ. ಮನೆಯಲ್ಲಿ ಮತ ಇರುವುದು ನನಗೊಬ್ಬಳಿಗೆ, ಬೆನ್ನು ಹೋಗಿರುವುದು ಅವರಿಗೆ. ಪ್ರೂಯಿಟ್ ಹೆಸರಿಗೆ ಗುರುತು ಹಾಕಿದೆ. ಮೇಸ್ತ್ರಿ ನೋಡಿದರು, ತೃಪ್ತಿಯಾಯಿತು. ಪೆನ್ನು ಇನ್ನೂ ಕೈಯಲ್ಲಿತ್ತು. ಆಗ ನಿಮ್ಮ ಅಪ್ಪಣೆ ನೆನಪಾಯಿತು. ಗುರುತು ಸಿಕ್ಕಿದ ಮತವನ್ನು ಎಸೆಯುತ್ತಾರೆ ಎಂದು ನಾನೇ ಎರಡು ಸಲ ಓದಿದ್ದೆನಲ್ಲ. ಊರಿಗೆ ಹೋಗೋ ಲಕೋಟೆ, ಖಾಲಿ ಕಳಿಸಬಾರದು ಎನ್ನುತ್ತಾ ನಮಸ್ಕಾರ, ಮುತ್ತು, ಹೆಸರು ಎಲ್ಲ ಬರೆದೆ. ಅವರಿಗೆ ಹಾಕಿದ ಮತವನ್ನು ಅವರ ಮೇಜಿನ ಮೇಲೇ ಕೊಂದೆ ಎಂದುಕೊಂಡೆ. ಬೇರೇನನ್ನೋ ಬರೆಯಬಹುದಿತ್ತು. ನೀವು ನೋಡಬಹುದು, ನೋಡಿದರೆ ಅರ್ಥವಾಗಬಹುದು ಎಂದು ನಿಮಗೇ ನಮಸ್ಕಾರ ಬರೆದೆ.

ಮೇಸ್ತ್ರಿಗೆ ನಗು ಬಂತು. ನನ್ನನ್ನು ಹೊಲಕ್ಕೆ ಕಳಿಸಿ, ಮಧ್ಯಾಹ್ನ ಊಟಕ್ಕೆ ಬಂದ ಉಳಿದವರಿಗೆ ಮತಪತ್ರ ಹಂಚುತ್ತಾ ಎಲ್ಲರೆದುರೂ, "ಈ ಹೆಂಗಸು ವೋಟಿನ ಚೀಟಿಲೂ ಕಾಗದ ಬರೀತಾಳೆ ನೋಡ್ರಪ್ಪಾ" ಎಂದು ತಮಾಷೆ ಮಾಡಿದರು. ಅಲ್ಲಿಗೆ ಮುಗಿಯಿತು. ಎಲ್ಲರೂ ತಮ್ಮ ತಮ್ಮ ಕೋಣೆಗೆ ಹೋಗಿ ನಿಮಗೇ ಮತ ಹಾಕಿದ್ದಾರೆ, ಮೇಸ್ತ್ರಿಗೆ ಹೆದರಲಿಲ್ಲ. ಹೆದರಿದವಳು ನಾನೊಬ್ಬಳೇ. ಆದರೆ ಬರೆಯಬೇಡಿ ಎಂದು ಓದಿ ಹೇಳಿದವಳೇ ಬರೆದಿದ್ದಾಳೆ ಎಂದ ಮೇಲೆ ಬರೆದರೆ ತಪ್ಪಿಲ್ಲ ಎಂದುಕೊಂಡರು. ನಾನು ಹೊಲದಿಂದ ಬಂದು ಕೋಣೆ ಕೋಣೆ ಸುತ್ತುವಷ್ಟರಲ್ಲಿ ಲಕೋಟೆಗಳು ಅಂಚೆ ಸೇರಿದ್ದವು. ತೊಮಾಸಾ ಸಂತೋಷದಿಂದ, "ಆಡಿನ ವಿಷಯ ಕೇಳಿದ್ದೀನಿ, ನೋಡೋಣ ಒತೀಲಿಯಾ ಅಕ್ಕ ಏನು ಬರೀತಾರೆ" ಎಂದಳು.

ಒಂದು ಮತ ಕೆಡಿಸಲು ಹೋಗಿ ಹದಿನಾರು ಕೆಡಿಸಿದೆ. ಇದನ್ನು ನಿಮಗೆ ಬಿಟ್ಟು ಯಾರಿಗೂ ಹೇಳಿಲ್ಲ, ಅಬುಂದಿಯೋಗೂ ಹೇಳಿಲ್ಲ. ಈ ಕಾಗದವನ್ನು ಕೋರ್ಟಿಗೆ ಕೊಡಬೇಕಾದರೆ ಕೊಡಿ. ಬೆನ್ನಿನದು ಹೇಗೋ ಆಗುತ್ತದೆ.

ಹಬ್ಬದ ದಿನ ಧರ್ಮತಾಯಿ ಬಲಗಡೆ ನಿಲ್ಲಬೇಕು. ಯಾರೇ ನಿಂತರೂ.

ಎರ್ಲಿಂದಾ


ಎಲ್ ಸಾಬಿನೋ
11 ಸೆಪ್ಟೆಂಬರ್ 1979

ಕೊಮಾದ್ರೆ ಎರ್ಲಿಂದಾ ಅವರಿಗೆ,

ದೂರು ಕೊಡಲು ಇದ್ದ ಗಡುವು ಜೂನಿನಲ್ಲೇ ಮುಗಿದಿದೆ. ಮುಗಿಯದಿದ್ದರೂ ಕೊಡುತ್ತಿರಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಕಾಗದವನ್ನು ಒಲೆಗೆ ಹಾಕಿದೆ.

ತಪ್ಪು ನನ್ನದೂ ಇದೆ. ಒಂದು ಚುಕ್ಕೆಯೂ ಬೇಡ ಎಂದು ಬರೆದವಳು, ಮೇಸ್ತ್ರಿಯ ಮನೆಗೆ ಬರುವ ಮತಪತ್ರವನ್ನು ಮೇಸ್ತ್ರಿಯ ಕಣ್ಣು ತಪ್ಪಿಸಿ ಹೇಗೆ ಭರ್ತಿ ಮಾಡಬೇಕು ಎಂದು ಯೋಚಿಸಲೇ ಇಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಹೊಳೆಯಬೇಕಿತ್ತು.

ಮುಂದಿನ ಮೇನಲ್ಲಿ ಮಂಡಳಿಯ ಇನ್ನೊಂದು ಸ್ಥಾನ ಖಾಲಿಯಾಗುತ್ತದೆ. ಚುನಾವಣೆಯನ್ನು ಎಲ್ಲರೂ ಊರಲ್ಲಿರುವ ಜನವರಿಗೆ ತನ್ನಿ ಎಂದು ಕೇಳಿದೆ, ಆಗುವುದಿಲ್ಲ ಎಂದರು. ನಿಲ್ಲುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ.

ನೇಲಿದಾಳ ಹಬ್ಬವನ್ನು ನವೆಂಬರ್ 17ಕ್ಕೆ ಮುಂದಕ್ಕೆ ಹಾಕಿದ್ದೇನೆ. ಅಷ್ಟರಲ್ಲಿ ಸೇಬಿನ ಕೊಯ್ಲು ಮುಗಿಸಿ ನೀವು ಬಂದಿರುತ್ತೀರಿ. ಅಳತೆ ಈ ಚೀಟಿಯಲ್ಲಿದೆ. ಸೊಂಟದಲ್ಲಿ ಒಂದಿಂಚು ಜಾಸ್ತಿ ಬಿಡಿ, ಹುಡುಗಿ ಬೆಳೆಯುತ್ತಿದ್ದಾಳೆ.

ಒತೀಲಿಯಾ


ಲಿಂಡ್‌ಗ್ರೆನ್ ತೋಟ, ಮಿಶಿಗನ್
23 ಏಪ್ರಿಲ್ 1980

ಕೊಮಾದ್ರೆ ಒತೀಲಿಯಾ ಅವರಿಗೆ,

ನಾವು ಬಂದು ತಲುಪಿದೆವು. ಹಳೆಯ ಸ್ಟೇಷನ್ ವ್ಯಾಗನ್ನು ಮಿಸೂರಿಯಲ್ಲಿ ಎರಡು ಸಲ ನಿಂತಿತು. ಅಬುಂದಿಯೋ ಪ್ರತಿ ಸಲವೂ ದೋನ್ ಕಾಸಿಮೀರೋ ಅವರ ಲಾರಿಯನ್ನು ನೆನೆಸಿಕೊಂಡರು, ನಾನು ಕೇಳದವಳಂತೆ ಕೂತೆ. ಇಲ್ಲಿ ಮೇಸ್ತ್ರಿಯಿಲ್ಲ. ತೋಟದ ಯಜಮಾನನೇ ಕೆಲಸ ಹೇಳುತ್ತಾನೆ. ಅಬುಂದಿಯೋಗೆ ಬಾಕ್ಸು ಜೋಡಿಸುವ ಶೆಡ್ಡಿನಲ್ಲಿ ಸ್ಟೂಲಿನ ಮೇಲಿನ ಕೆಲಸ ಸಿಕ್ಕಿದೆ, ದಿನಗೂಲಿ ಕಡಿಮೆ.

ಫೆಬ್ರವರಿಯಲ್ಲಿ ನಿಮ್ಮ ಅಡುಗೆಮನೆಯಲ್ಲಿ ನೀವು ಎಲ್ಲರಿಗೂ ಹೇಳಿಕೊಟ್ಟಂತೆ ಈ ಸಲ ಒಬ್ಬೊಬ್ಬರೂ ಇಲ್ಲಿನ ಪಟ್ಟಣದ ಅಂಚೆ ಕಚೇರಿಗೇ ಹೋಗಿ ತಮ್ಮ ಮತಪತ್ರ ತಾವೇ ಇಸಿದುಕೊಂಡೆವು. ನಿಮ್ಮ ಪೋಸ್ಟ್‌ಕಾರ್ಡ್ ಉಪಾಯ ಚೆನ್ನಾಗಿದೆ. ಹೊರಡುವಾಗ ನೀವು ಕೊಟ್ಟ ಖಾಲಿ ಕಾರ್ಡುಗಳಲ್ಲಿ ಮೊದಲು ಮನೆಗೆ ಏನು ಬರೆಯಬೇಕೋ ಬರೆದು, ಅಂಚೆ ಡಬ್ಬಿಗೆ ಹಾಕಿ, ಆಮೇಲೆ ಮತಪತ್ರ ತೆರೆಯಬೇಕು. ತೊಮಾಸಾ ಮೂರು ಕಾರ್ಡು ತುಂಬಿಸಿದಳು. ಮತಪತ್ರ ತೆರೆದಾಗ, "ಈಗ ನಂಗೆ ಹೇಳೋಕೆ ಏನೂ ಉಳಿದಿಲ್ಲ" ಎಂದು ಗುರುತು ಹಾಕಿ ಮಡಚಿದಳು.

ನನ್ನದು ಹೋಯಿತು. ಕಾರ್ಡು ಬರೆಯಲಿಲ್ಲ. ನನ್ನ ಕೈಯ ಮೇಲೆ ಈಗ ನನಗೇ ನಂಬಿಕೆ ಬರಬೇಕು.

ಎರ್ಲಿಂದಾ


ಎಲ್ ಸಾಬಿನೋ
6 ಮೇ 1980

ಕೊಮಾದ್ರೆ ಎರ್ಲಿಂದಾ ಅವರಿಗೆ,

ಗೆದ್ದೆವು. ನನಗೆ 231, ಪ್ರೂಯಿಟ್ ನಿಲ್ಲಿಸಿದ್ದ ಅವರ ಲೆಕ್ಕಿಗನಿಗೆ 217. ಮಂಡಳಿಯ ಐವರಲ್ಲಿ ನಾನೊಬ್ಬಳು ಎಂಬುದನ್ನು ಮರೆತಿಲ್ಲ. ಮೊದಲ ಸಭೆ ಇದೇ 20ಕ್ಕೆ. ಪೈಪಿನ ಅರ್ಜಿಯನ್ನು ನಾಲ್ಕನೇ ಸಲ ಓದಬೇಕಾಗುತ್ತದೆ, ಆದರೆ ಈ ಸಲ ಓದುವವಳು ಮೇಜಿನ ಆಚೆ ಕಡೆ ಕೂತಿರುತ್ತಾಳೆ. ದೋನ್ಯಾ ಬೆನಿಗ್ನಾ ಮತ ಹಾಕಲಿಲ್ಲ. ಮಾರ್ಚಿನಲ್ಲಿ ತೀರಿಕೊಂಡರಲ್ಲ, ನೀವೂ ಮಣ್ಣಿಗೆ ಬಂದಿದ್ದಿರಿ. ಗಾಲಿಕುರ್ಚಿಗೆಂದು ಈಗ ಮತಗಟ್ಟೆಯ ಬಾಗಿಲಲ್ಲಿ ಹಲಗೆ ಹಾಕಿದ್ದಾರೆ.

ಉತ್ತರದಿಂದ ಬಂದ ಲಕೋಟೆಗಳನ್ನು ಕೊನೆಯಲ್ಲಿ ತೆರೆದರು. ಮಿಶಿಗನ್, ಒಹಾಯೋ ಎಲ್ಲ ಸೇರಿ ಇಪ್ಪತ್ತನಾಲ್ಕು. ಹೊರಗಿನ ಲಕೋಟೆಯ ಸಹಿ ನೋಡಿ, ಒಳಗಿನದನ್ನು ಪೆಟ್ಟಿಗೆಗೆ ಹಾಕಿ, ಕಲಸಿ, ಆಮೇಲೆ ಬಿಡಿಸಿದರು. ಕಳೆದ ಸಲದ ವಕೀಲರೇ ಎದುರಿಗೆ ಕೂತಿದ್ದರು. ಒಂದೊಂದನ್ನೂ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಒಂದರ ಮೇಲೂ ಏನೂ ಇರಲಿಲ್ಲ. ಇಪ್ಪತ್ತೆರಡು ನನಗೆ, ಎರಡು ಲೆಕ್ಕಿಗನಿಗೆ. ಆ ಎರಡು ಯಾರವು ಎಂದು ನೇಲಿದಾ ಕೇಳಿದಳು. ಅದನ್ನು ಯಾರೂ ಕೇಳುವ ಹಾಗಿಲ್ಲ ಎಂದೆ.

ನಿಮ್ಮದು ಯಾವುದೆಂದು ಹುಡುಕಿದೆ ಎಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ನೋಡಿದೆ. ನಲವತ್ತು ವರ್ಷದಿಂದ ನಿಮ್ಮ ಕೈಬರಹ ಬಲ್ಲವಳಿಗೆ ಎರಡು ಗೆರೆಯಲ್ಲಿ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಗೊತ್ತಾಗಲಿಲ್ಲ.

ನೇಲಿದಾ ಹದಿನೈದರ ಹಬ್ಬದ ಆ ಬಿಳಿ ಬಟ್ಟೆಯನ್ನೇ ಹಾಕಿಕೊಂಡು ಎಣಿಕೆಗೆ ಬಂದಿದ್ದಳು. ತೊಮಾಸಾಳ ಮೂರು ಕಾರ್ಡುಗಳು ಬಂದಿವೆ, ಧರ್ಮತಾಯಿಯದು ಒಂದೂ ಇಲ್ಲ ಎಂದು ಮುಖ ಊದಿಸಿಕೊಂಡಿದ್ದಾಳೆ. ಇನ್ನು ಬರೆಯಿರಿ. ಎಲೆಕ್ಷನ್ ಮುಗಿದಿದೆ.

ನಿಮ್ಮ ಕೊಮಾದ್ರೆ
ಒತೀಲಿಯಾ